ಹರಿವಾಣದಲ್ಲಿ ತೇಲಿದ ದಬ್ಬಳ

ಮೊನ್ನೆ ರವಿಕೆಗೆ ಹುಕ್ಕು ಹಾಕೋಣವೆಂದು ಕೂತರೆ ಸೂಜಿ ನಾಪತ್ತೆ. ಡಬ್ಬಿ ಸುರಿದೆ, ಹಾಸಿಗೆ ಕೊಡವಿದೆ, ಮನೆಯಲ್ಲಿ ಇಲ್ಲದವರನ್ನೂ ಸೇರಿಸಿ ಎಲ್ಲರನ್ನೂ ಬೈದೆ. ಕೊನೆಗೆ ನೀರು ಕುಡಿಯೋಣವೆಂದು ಫ್ರಿಜ್ಜಿನ ಬಳಿ ಹೋದರೆ, ಬಾಗಿಲಿಗೆ ಮಗಳು ಅಂಟಿಸಿರುವ ಇಡ್ಲಿ ಆಕಾರದ ಅಯಸ್ಕಾಂತವನ್ನು ಆ ಪುಣ್ಯಾತ್ಗಿತ್ತಿ ಸೂಜಿ ತಬ್ಬಿಕೊಂಡು ಕೂತಿದ್ದಾಳೆ. ಕಳೆಯದಿರಲಿ ಎಂದು ನಾನೇ ಅಂಟಿಸಿ ಮರೆತಿದ್ದೆ ಅನ್ನಿ. ಕಿತ್ತು ತಂದು ಹೊಲಿಯಲು ಹೋದರೆ ಹುಕ್ಕುಗಳೆಲ್ಲ ಬಂದು ಸೂಜಿಯ ಮೂತಿಗೆ ಮುತ್ತಿಕೊಂಡವು. ಹೊಲಿಗೆ ಅಲ್ಲಿಗೆ ನಿಂತಿತು. ನನ್ನ ನೆನಪು ಅರಸೀಕೆರೆಯ ಹಳೆಯ ಮನೆಯ ನಡುಮನೆಗೆ ಹೋಗಿ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟಿತು. ನಿಮಗೆ ಪುರುಸೊತ್ತಿದ್ದರೆ ಹೇಳುತ್ತೇನೆ. ಇಲ್ಲದಿದ್ದರೂ ಹೇಳುತ್ತೇನೆ, ಪಾಠ ಮಾಡಿ ಬದುಕಿದವರ ಚಾಳಿ ಅದು.

ತೊಂಬತ್ತರ ದಶಕದ ಕೊನೆಯ ಮಾತು. ನಾನು ಅರಸೀಕೆರೆಯ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನದ ಮೇಡಂ. ಆಗ ಮೇಲಿನವರಿಗೆ ಇದ್ದಕ್ಕಿದ್ದಂತೆ ಒಂದು ಚಿಂತೆ ಹತ್ತಿತು: ನಮ್ಮ ಶಿಕ್ಷಕರು ದಟ್ಟ ಕಾಡಿನಲ್ಲಿ ಒಂಟಿಯಾಗಿ ಸಿಕ್ಕಿಹಾಕಿಕೊಂಡರೆ ಬದುಕಿ ಬರುವುದು ಹೇಗೆ? ಶಾಲೆಯ ಪ್ರಯೋಗಾಲಯದ ಬೀಗ ತುಕ್ಕು ಹಿಡಿದು ತೆರೆಯದೆ ಕೂತಿತ್ತು, ಹುಡುಗಿಯರ ಶೌಚಾಲಯಕ್ಕೆ ಬಾಗಿಲಿರಲಿಲ್ಲ. ಆ ಚಿಂತೆ ಯಾರಿಗೂ ಹತ್ತಲಿಲ್ಲ. ಕಾಡಿನದು ಮಾತ್ರ ಜೋರಾಗಿ ಹತ್ತಿತು. ವಿಜ್ಞಾನದವರೆಲ್ಲ ತರಬೇತಿಗೆ ಬನ್ನಿ ಎಂದು ಆರ್ಡರು ಬಂತು.

ಕಾಡಿನಲ್ಲಿ ಕಳೆದುಹೋಗುವುದು! ನಾನು ಬೇಲೂರಿನವಳು ಸ್ವಾಮಿ. ಬೇಲೂರಿನಲ್ಲಿ ಹುಟ್ಟಿದವರಿಗೆ ದಾರಿ ತಪ್ಪುವ ಭಾಗ್ಯವೇ ಇಲ್ಲ. ಎಲ್ಲಿ ನಿಂತರೂ ಗೋಪುರ ಕಾಣುತ್ತದೆ. "ಗೋಪುರ ಬೆನ್ನಿಗೆ ಇಟ್ಕೊಂಡು ಹೋಗು, ಮುಖಕ್ಕೆ ಇಟ್ಕೊಂಡು ಬಾ" ಎಂದು ಹೇಳಿ ಅಮ್ಮ ನನ್ನನ್ನು ಅಂಗಡಿಗೆ ಅಟ್ಟುತ್ತಿದ್ದಳು. ಒಮ್ಮೆ ನಾನು ಬೇಕೆಂದೇ ಕಳೆದುಹೋಗಲು ಹೊರಟಿದ್ದೆ. ಅದು ಮನೆಯ ಮಕ್ಕಳಿಗೆಲ್ಲ ಸಾಲಾಗಿ ನಿಲ್ಲಿಸಿ ಹರಳೆಣ್ಣೆ ಕುಡಿಸುವ ಬೆಳಗ್ಗೆ. ಹಿತ್ತಿಲ ಬೇಲಿ ಹಾರಿ ಓಡಿದೆ. ಎರಡು ಬೀದಿ ದಾಟುವುದರೊಳಗೆ ಹೂವಿನವಳು, ಸೈಕಲ್ ಅಂಗಡಿಯವನು, ಯಾರೋ ಗುರುತಿಲ್ಲದ ಅಜ್ಜಿ, "ಮೇಷ್ಟ್ರ ಮಗಳಲ್ವೇನೇ ನೀನು?" ಎಂದು ಸರದಿಯಲ್ಲಿ ತಡೆದರು. ಅಜ್ಜಿಯಂತೂ ಕಿವಿ ಹಿಡಿದು ಮನೆಯವರೆಗೂ ಬಂದು, ನಾನು ಎಣ್ಣೆ ನುಂಗಿದ ಮೇಲೇ ಹೋದಳು.

ಇನ್ನೊಂದು ಸಲ, ನಾನು ಕಾಲೇಜಿನಲ್ಲಿದ್ದಾಗ, ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ವಿದೇಶಿ ಕೊರಳಿಗೆ ಚೆಂದದ ಕಂಪಾಸು ನೇತುಹಾಕಿಕೊಂಡು ನಿಂತಿದ್ದ. ಹಳೇಬೀಡು ಎತ್ತ ಎಂಬುದು ಅವನಿಗೆ ಕರಾರುವಾಕ್ಕಾಗಿ ಗೊತ್ತಿತ್ತು. ಬಸ್ಸು ಎಲ್ಲಿ ನಿಲ್ಲುತ್ತದೆಂದು ಗೊತ್ತಿರಲಿಲ್ಲ. ಅವನು ಮುಳ್ಳು ನೋಡುತ್ತಾ ನಿಂತಿರುವಾಗಲೇ ಎರಡು ಬಸ್ಸು ಅವನ ಬೆನ್ನ ಹಿಂದಿನಿಂದ ಹೊರಟುಹೋದವು. ಕೊನೆಗೆ ಕಂಡಕ್ಟರು ಅವನ ಚೀಲವನ್ನೇ ಎತ್ತಿ ಒಳಗೆಸೆದ ಮೇಲೆ ಅವನೂ ಹತ್ತಿದ.

ಇರಲಿ, ತರಬೇತಿಗೆ ಬಂದೆ. ಹುಲಿಕೆರೆಯ ಪುಷ್ಕರಣಿಯ ಆಚೆಗಿನ ಕುರುಚಲು ಬಯಲನ್ನು ನಮಗೆ ಕಾಡೆಂದು ಗೊತ್ತುಮಾಡಿದ್ದರು. ತರಬೇತಿ ಕೊಡಲು ಬೆಂಗಳೂರಿನಿಂದ ಬಂದ ತರುಣನ ಪ್ಯಾಂಟಿನ ತುಂಬ ಜೇಬುಗಳು. "ಮೇಡಂ, ಇಮ್ಯಾಜಿನ್ ಮಾಡ್ಕೊಳ್ಳಿ, ಸುತ್ತ ನೂರಾರು ಮೈಲಿ ಒಬ್ಬ ಮನುಷ್ಯನೂ ಇಲ್ಲ" ಎಂದ. ಅಷ್ಟು ಹೊತ್ತಿಗೆ ನಮ್ಮ ಸುತ್ತ ಊರಿನ ಅರ್ಧ ಜನ ನಿಂತು ಕಡಲೆಕಾಯಿ ಬಿಡಿಸುತ್ತಿದ್ದರು. ಅವರ ನಡುವೆಯೇ ಅವನು ಸೂಜಿಯನ್ನು ಅಯಸ್ಕಾಂತದ ಮೇಲೆ ಒಂದೇ ದಿಕ್ಕಿಗೆ ಉಜ್ಜಿ, ಹೊಂಗೆ ಎಲೆಯ ಮೇಲಿಟ್ಟು, ನೀರಿನಲ್ಲಿ ಬಿಟ್ಟು ತೋರಿಸಿದ. ಎಲೆ ಮೆಲ್ಲಗೆ ತಿರುಗಿ ನಿಂತಿತು. ಎಲ್ಲರೂ ಚಪ್ಪಾಳೆ ಹೊಡೆದೆವು. ಯಾವ ತುದಿ ಉತ್ತರ, ಯಾವ ತುದಿ ದಕ್ಷಿಣ ಎಂದು ಕೇಳಿದೆ. ಸೂರ್ಯ ಎಲ್ಲಿದ್ದಾನೆ ನೋಡಿ ತಿಳಿದುಕೊಳ್ಳಬೇಕು ಮೇಡಂ ಎಂದ. ಸೂರ್ಯ ಕಂಡಮೇಲೆ ಸೂಜಿ ಯಾಕಪ್ಪಾ ಎಂದು ಕೇಳುವವಳಿದ್ದೆ. ಪಾಪ, ಬಿಸಿಲಲ್ಲಿ ಬೆವರುತ್ತಿದ್ದ, ಸುಮ್ಮನಾದೆ.

ಆಮೇಲೆ ನಮ್ಮನ್ನು ಗುಂಪು ಮಾಡಿ, ಸೂಜಿ ಕೊಟ್ಟು, ದಿಕ್ಕು ಹಿಡಿದು ಹೋಗಿ ಬನ್ನಿ ಎಂದು ಬಿಟ್ಟ. ಒಂದು ಗುಂಪಿಗೆ ದಾರಿಯಲ್ಲಿ ಯಾರೋ ಅಡ್ಡ ಸಿಕ್ಕು, "ಯಾವೂರು? ಯಾರ ಪೈಕಿ?" ಎಂದು ಕೇಳಿ, ಗೆಂಡೆಹಳ್ಳಿ ಕಡೆಯ ಸಂಬಂಧ ಹೊರಬಿದ್ದು, ಮುದ್ದೆ ಉಪ್ಸಾರಿನ ಊಟ ಮುಗಿಸಿ ಅವರು ಅವರೆಕಾಯಿ ಚೀಲದೊಂದಿಗೆ ಸಂಜೆಗೆ ಹಿಂದಿರುಗಿದರು. ನಮ್ಮ ಸೀಮೆಯಲ್ಲಿ ಜನ ನಿಮ್ಮನ್ನು ಕಳೆದುಹೋಗಲು ಬಿಡುವುದೇ ಇಲ್ಲ. ಎಲ್ಲರಿಗೂ ಕಾಡಿನಲ್ಲಿ ಬದುಕಿಬಂದದ್ದಕ್ಕೆ ಸರ್ಟಿಫಿಕೇಟು ಕೊಟ್ಟರು. ನನ್ನದಕ್ಕೆ ಮಾವ ಕಟ್ಟು ಹಾಕಿಸಿ ನಡುಮನೆಯಲ್ಲಿ ನೇತುಹಾಕಿದರು.

ಮಾವನದು ಕೊಬ್ಬರಿ ವ್ಯಾಪಾರ. ಹಿಂದುಗಡೆ ಗೋದಾಮು, ಮುಂದೆ ಮನೆ. ಹಣೆ ತುಂಬ ವಿಭೂತಿ, ಬಾಯಿ ತುಂಬ ಎಲೆಯಡಿಕೆ, ಒಳ್ಳೆಯ ಮನುಷ್ಯರೇ. ಆದರೆ ಆ ವರ್ಷ ವ್ಯಾಪಾರ ಸಪ್ಪೆಯಾಯಿತು. ಊರಿನ ಎಲ್ಲರ ವ್ಯಾಪಾರವೂ ಸಪ್ಪೆಯಾಗಿತ್ತು, ಆದರೆ ಅದೇ ವೇಳೆಗೆ ಊರಿಗೆ ವಾಸ್ತು ಬಂದಿತ್ತು ನೋಡಿ. ವಾಸ್ತು ಅಂದರೆ ನಿಮಗೆ ನೆನಪಿರಬಹುದು, ಕಾಲರಾ ಬಂದಂತೆ ಬಂತು. ಒಬ್ಬರು ಬಾಗಿಲು ಮುಚ್ಚಿಸಿ ಕಿಟಕಿಯಿಂದ ಓಡಾಡಿದರು. ಇನ್ನೊಬ್ಬರು ಸಂಪು ಒಡೆದು ಆಚೆ ಕಡೆ ತೋಡಿಸಿದರು. ಅಂಗಡಿ ಬೀದಿಯಲ್ಲಿ ಗಾರೆಯವರಿಗೆ ಮಾತ್ರ ವ್ಯಾಪಾರ ಭರ್ಜರಿಯಾಗಿತ್ತು.

ನಮ್ಮ ಮನೆಗೂ ವಾಸ್ತುವಿನವರು ಬಂದರು. ಸಫಾರಿ ಸೂಟು, ಕೈಯಲ್ಲಿ ಬ್ರೀಫ್‌ಕೇಸು, ಸೊಂಟದಲ್ಲಿ ಸಿಗ್ನಲ್ ಸಿಗದ ಮೊಬೈಲು. ಮಖಮಲ್ಲಿನ ಪೆಟ್ಟಿಗೆಯಿಂದ ಕಂಪಾಸು ತೆಗೆದು ಅಡುಗೆಮನೆಯ ಗ್ಯಾಸ್ ಸಿಲಿಂಡರಿನ ಪಕ್ಕದಲ್ಲಿಟ್ಟು ಕಣ್ಣು ಮುಚ್ಚಿದರು. ತೆರೆದಾಗ ಮುಖ ಕಪ್ಪಾಗಿತ್ತು.

"ಯಜಮಾನ್ರೇ, ಈಶಾನ್ಯದಲ್ಲಿ ಬೆಂಕಿ ಉರೀತಿದೆ. ದೇವಮೂಲೆ ಅದು. ಅಡುಗೆಮನೆ ಅಂದ್ರೆ ಆಗ್ನೇಯದಲ್ಲಿ ಇರ್ಬೇಕು."

ಅವರು ತೋರಿಸಿದ ಆಗ್ನೇಯದಲ್ಲಿದ್ದದ್ದು ಗೋದಾಮಿಗೆ ಅಂಟಿಕೊಂಡ ಒಂದು ಕೋಣೆ. ಕಿಟಕಿಯಿಲ್ಲ, ಹಗಲಲ್ಲೂ ದೀಪ ಬೇಕು, ಹಳೇ ಕೊಬ್ಬರಿಯ ಕಮಟು ವಾಸನೆ. ಅಡುಗೆಮನೆ ಅಲ್ಲಿಗೆ ಹೋಗಲಿ ಎಂದು ಮಾವ ಅಪ್ಪಣೆ ಮಾಡಿದರು. ಅಡುಗೆ ಮಾಡುವವರನ್ನು ಕೇಳುವ ಸಂಗತಿಯೇ ಅದು ಎಂದು ಅವರಿಗೆ ಅನ್ನಿಸಲಿಲ್ಲ.

ಅಡುಗೆ ಮಾಡುತ್ತಿದ್ದವರು ನಮ್ಮ ಅತ್ತೆ. ಇಲ್ಲಿ ಒಂದು ವಿಷಯ ಹೇಳಬೇಕು. ಅಡುಗೆಮನೆ ಬೀದಿಯ ಮೂಲೆಗಿತ್ತು, ಅದರ ಕಿಟಕಿಯ ಎದುರಿಗೇ ಕಣಕಟ್ಟೆಯ ಬಸ್ಸು ನಿಲ್ಲುತ್ತಿತ್ತು. ಅತ್ತೆಯ ತವರು ಕಣಕಟ್ಟೆ. ಹತ್ತಿರದ ಊರೇ, ಆದರೆ ಗೌರಿ ಹಬ್ಬಕ್ಕೆ ಬಿಟ್ಟರೆ ಹೋಗುವ ವಾಡಿಕೆ ಇರಲಿಲ್ಲ. ಮನೆ ಬಿಟ್ಟು ಹೋಗಲು ಮಾವ ಬಿಡುತ್ತಿರಲಿಲ್ಲ, ಇವರೂ ಕೇಳುತ್ತಿರಲಿಲ್ಲ. ತವರೇ ದಿನಾ ಬೆಳಗ್ಗೆ ಬಸ್ಸಿನಲ್ಲಿ ಬಂದು ಕಿಟಕಿಗೆ ಬಾಯಿ ಹಾಕುತ್ತಿತ್ತು.

"ಅಕ್ಕೋ, ನಿಮ್ಮಣ್ಣನ ಎಮ್ಮೆ ಈದೈತೆ, ಹೆಣ್ಗರ!"

"ನಿಮ್ಮವ್ವಂಗೆ ಕೆಮ್ಮು ಕಮ್ಮಿ ಆಗೈತೆ ಕಣಕ್ಕೋ. ನಿನ್ನೆ ಎದ್ದು ಕೂತು ಮುದ್ದೆ ಉಂಡವ್ರೆ."

ಅತ್ತೆಯ ತಾಯಿ ಹಾಸಿಗೆ ಹಿಡಿದಿದ್ದರು. ಆ ಕಿಟಕಿಯ ಕಬ್ಬಿಣದ ಸರಳುಗಳ ನಡುವೆಯೇ ಅತ್ತೆ ಕಷಾಯದ ಪುಡಿ ಕಳಿಸುತ್ತಿದ್ದರು, ಹಳೇ ಸೀರೆ ಕಳಿಸುತ್ತಿದ್ದರು. ಅತ್ತಲಿಂದ ಸೊಪ್ಪು, ಸೊಗಡವರೆ, ಅವ್ವನ ಸುದ್ದಿ ಬರುತ್ತಿತ್ತು. ಒಗ್ಗರಣೆ ಹಾಕುತ್ತಲೇ ಬಸ್ಸಿನ ಹಾರನ್ನಿಗೆ ಕಿವಿ ಕೊಟ್ಟಿರುತ್ತಿದ್ದರು. ಆ ಕಿಟಕಿ ಹೋದರೆ ಅತ್ತೆಗೆ ಅವ್ವ ಇದ್ದಾಳೋ ಇಲ್ಲವೋ ಎಂಬುದೂ ತಿಳಿಯುತ್ತಿರಲಿಲ್ಲ.

ಅಪ್ಪಣೆ ಕೇಳಿದ ಅತ್ತೆ, "ಆಗ್ಲಿ ಬಿಡವ್ವ, ಎಲ್ಲಿ ಬೇಯ್ಸಿದ್ರೂ ಬೇಯ್ತದೆ" ಎಂದರು. ಅವತ್ತು ಸಾರಿಗೆ ಎರಡು ಸಲ ಉಪ್ಪು ಬಿತ್ತು. ಅತ್ತೆ ಅಳಲಿಲ್ಲ, ನನಗೇ ಅಳು ಬಂತು. ಸಿಟ್ಟೂ ಬಂತು. ಅಷ್ಟರಲ್ಲಿ ಸಿಲಿಂಡರು ನೆನಪಾಯಿತು. ಅಲ್ಲಾ, ಅಷ್ಟು ದೊಡ್ಡ ಕಬ್ಬಿಣದ ಗುಡಾಣದ ಪಕ್ಕ ಕಂಪಾಸು ಇಟ್ಟರೆ ಮುಳ್ಳು ಉತ್ತರ ತೋರಿಸುತ್ತದೆಯೇ? ಎಂಟನೇ ತರಗತಿಯ ಪಾಠ! ನನ್ನೊಳಗಿನ ವಿಜ್ಞಾನದ ಮೇಡಂ ಸೆರಗು ಸಿಕ್ಕಿಸಿಕೊಂಡು ಎದ್ದಳು.

ಊಟಕ್ಕೆ ಕೂತ ಮಾವನಿಗೆ, "ಮಾವ, ಗೋಡೆ ಒಡೆಯೋ ಮುಂಚೆ ದಿಕ್ಕು ಇನ್ನೊಂದ್ಸಲ ನೋಡಿದ್ರೆ ಹೆಂಗೆ? ನಂಗೂ ಬರುತ್ತಲ್ಲ" ಎಂದು ಗೋಡೆಯ ಸರ್ಟಿಫಿಕೇಟಿನ ಕಡೆ ಕೈ ತೋರಿಸಿದೆ. ನನ್ನ ಯಜಮಾನರು ಗಾಬರಿಯಿಂದ ತಟ್ಟೆಯೊಳಗೇ ನೋಡತೊಡಗಿದರು. ಅಪ್ಪನ ಮುಂದೆ ಅವರು ಬಾಯಿ ಬಿಡುವುದು ಅನ್ನ ಇಡಲು ಮಾತ್ರ. ಆದರೆ ಮಾವ ಎರಡು ಸಲ ತೂಗಿಸದೆ ಒಂದು ಚೀಲ ಕೊಬ್ಬರಿ ಕೊಂಡವರಲ್ಲ.

"ಆಯ್ತು ಕಣಮ್ಮ. ಅವ್ರನ್ನೂ ಕರುಸ್ತೀನಿ. ಅವ್ರ ಮುಂದೇನೇ ನೋಡು" ಎಂದರು.

ಪರೀಕ್ಷೆಯ ಹಿಂದಿನ ದಿನವೇ ಒಮ್ಮೆ ನೋಡಿಬಿಡೋಣವೆಂದು ರೇಡಿಯೋ ರಿಪೇರಿಯವನಿಂದ ಹಳೇ ಸ್ಪೀಕರಿನ ಅಯಸ್ಕಾಂತ ತಂದೆ. ಕೊಬ್ಬರಿ ಚೀಲ ಹೊಲಿಯುವ ದಬ್ಬಳವನ್ನು ಅದಕ್ಕೆ ಚೆನ್ನಾಗಿ ಉಜ್ಜಿದೆ. ದಬ್ಬಳದ ಭಾರಕ್ಕೆ ಎಲೆ ಮುಳುಗಿತು. ನಮ್ಮನೆಯಲ್ಲಿ ತೇಲುವುದು ಇನ್ನೇನಿದೆ, ಒಂದು ಕೊಬ್ಬರಿ ಹೋಳಿನ ಮೇಲೆ ದಬ್ಬಳ ಮಲಗಿಸಿ ಹಿತ್ತಿಲಲ್ಲಿ ಹಿತ್ತಾಳೆ ಹರಿವಾಣದ ನೀರಿಗೆ ಬಿಟ್ಟೆ. ಅತ್ತೆಯೂ ಕೆಲಸ ಬಿಟ್ಟು ಬಂದು ಅತ್ತಿತ್ತ ಸುಳಿದಾಡಿ ಬಗ್ಗಿ ನೋಡಿದರು. ಅವರು ಒಳಗೆ ಹೋದ ಮೇಲೆ ಹೋಳು ಸಮಾಧಾನವಾಗಿ ನಿಂತಿತು. ಬಿಸಿಲು ನೋಡಿ ಉತ್ತರದ ತುದಿಗೆ ಕುಂಕುಮ ಹಚ್ಚಿದೆ. ಲೆಕ್ಕ ಹಾಕಿದೆ. ಮತ್ತೆ ಹಾಕಿದೆ. ಅಡುಗೆಮನೆ ಇದ್ದದ್ದು ಸಾಕ್ಷಾತ್ ಈಶಾನ್ಯದಲ್ಲೇ! ಉತ್ತರ ಅಂಗಡಿ ಬೀದಿಯ ಕಡೆಗೆ ಇದ್ದಿದ್ದರೆ ಆಗ್ನೇಯಕ್ಕೆ ಬರುತ್ತಿತ್ತಲ್ಲ ಎಂದು ಗೊಣಗಿಕೊಂಡೆ.

ಸಿಲಿಂಡರಿನ ಪಕ್ಕ ಕಂಪಾಸಿಟ್ಟು, ಕಣ್ಣು ಮುಚ್ಚಿಕೊಂಡು, ತಪ್ಪು ವಿಧಾನದಲ್ಲಿ ಆ ಮನುಷ್ಯ ಸರಿಯಾದ ಉತ್ತರ ಹೇಳಿದ್ದ. ಇಂಥ ವಿದ್ಯಾರ್ಥಿಗಳು ಪ್ರತಿ ತರಗತಿಯಲ್ಲೂ ಇರುತ್ತಾರೆ, ಅವರಿಗೆ ಮಾರ್ಕ್ಸ್ ಕೊಡುವಾಗ ಹೊಟ್ಟೆ ಉರಿಯುತ್ತದೆ. ಈಗ ನಾನು ಮಾಡುವುದೇನು? ಅತ್ತೆಯ ಕಿಟಕಿ ಉಳಿಸಲು ಹೊರಟವಳು ಅದಕ್ಕೆ ವಿಜ್ಞಾನದ ಮೊಳೆ ಹೊಡೆದು ಮುಚ್ಚಿಸುವವಳಿದ್ದೆ. ಪರೀಕ್ಷೆ ಬೇಡವೆಂದು ಹೇಳೋಣವೆಂದರೆ, ಮಾವ ಅಷ್ಟು ಹೊತ್ತಿಗೆ "ನಮ್ ಸೊಸೆ ದಬ್ಬಳದಲ್ಲಿ ದಿಕ್ಕು ನೋಡ್ತಾಳೆ ಕಣ್ರಲಾ" ಎಂದು ಅಂಗಡಿ ಬೀದಿಗೆಲ್ಲ ಸಾರಿಬಿಟ್ಟಿದ್ದರು.

ಬೆಳಗ್ಗೆ ನಡುಮನೆಯಲ್ಲಿ ಹರಿವಾಣ ಸಿದ್ಧವಾಯಿತು. ಮಾವ ಅದರ ಅಂಚಿಗೆ ಮೂರು ಗೀಟು ವಿಭೂತಿ ಎಳೆದು ಕೈ ಮುಗಿದರು. ಕಾಡಿನಲ್ಲಿ ಸಿಕ್ಕಿಕೊಂಡವರ ಪ್ರಾಣ ಉಳಿಸುವ ಉಪಕರಣಕ್ಕೆ ಊದುಬತ್ತಿ ಹಚ್ಚಿದ್ದು ಪ್ರಪಂಚದಲ್ಲೇ ಮೊದಲಿರಬೇಕು. ವಾಸ್ತುವಿನವರು ಕುರ್ಚಿಯಲ್ಲಿ ಕೂತು, "ಮಾಡಮ್ಮ, ಮಾಡು. ಹೆಣ್ಮಕ್ಳಿಗೆ ಉತ್ಸಾಹ ಇರ್ಬೇಕು" ಎಂದರು. ನನಗೆ ಮೈ ಉರಿದುಹೋಯಿತು, ಆದರೂ ದಬ್ಬಳ ಬಿಟ್ಟೆ. ಅದು ನಿಧಾನವಾಗಿ ತಿರುಗಿ ನಿನ್ನೆಯ ಜಾಗಕ್ಕೇ ಬಂದು ನಿಂತಿತು. ಅಡುಗೆಮನೆ ಈಶಾನ್ಯ.

ಅಷ್ಟರಲ್ಲಿ ಅತ್ತೆ ಕಾಫಿ ತಂದರು. ಎಲ್ಲರಿಗೂ ಕೊಟ್ಟು, ಹರಿವಾಣದ ಆಚೆ, ಅಂಗಡಿ ಬೀದಿಯ ಕಡೆಗೆ, "ಅಯ್ಯಪ್ಪಾ ಮಂಡಿ" ಎನ್ನುತ್ತ ನೆಲಕ್ಕೆ ಕೂತುಬಿಟ್ಟರು. ಹೊರಗಿನವರ ಎದುರಿಗೆ ಅತ್ತೆ ಹಾಗೆ ಕೂತದ್ದನ್ನು ನಾನು ನೋಡಿಯೇ ಇರಲಿಲ್ಲ. ಅವರ ಸೊಂಟದಲ್ಲಿ ಬೀಗದ ಕೈ ಗೊಂಚಲು: ಉಗ್ರಾಣದ್ದು, ಬೀರುವಿನದು, ಗೋದಾಮಿನ ಗೇಣುದ್ದದ ಕಬ್ಬಿಣದ್ದು. ದಿನಾ ಸೆರಗಿನೊಳಗೆ ಇರುತ್ತಿದ್ದದ್ದು ಅವತ್ತು ಹೊರಗೆ ಇಳಿಬಿದ್ದು ಹರಿವಾಣದ ಅಂಚಿಗೆ ಟಣ್ ಎಂದು ತಾಗಿತು. ಕೊಬ್ಬರಿ ಹೋಳು ಬೆಚ್ಚಿದಂತೆ ಅಲ್ಲಾಡಿತು. ದಬ್ಬಳದ ಕುಂಕುಮದ ತುದಿ ಮೆಲ್ಲಗೆ ತಿರುಗಿ, ತಿರುಗಿ, ಅತ್ತೆಯ ಕಡೆ ಮುಖ ಮಾಡಿ ನಿಂತಿತು.

ಉತ್ತರ ಅತ್ತೆಯ ಕಡೆ ಹೊರಳಿದ ಮೇಲೆ ಉಳಿದ ದಿಕ್ಕುಗಳೂ ಅದರ ಹಿಂದೆಯೇ ಹೋಗಬೇಕಲ್ಲ, ಈಶಾನ್ಯದಲ್ಲಿದ್ದ ಅಡುಗೆಮನೆ ಹಾಗೇ ಜಾರಿಕೊಂಡು ಆಗ್ನೇಯಕ್ಕೆ ಬಂದುಬಿತ್ತು.

"ಇದೇನ್ ಸ್ವಾಮಿ, ಈಗೊಂದು ಆಗೊಂದು?" ಎಂದು ಮಾವ ಗಾಬರಿಯಾದರು.

ವಾಸ್ತುವಿನವರು ಎದ್ದು ಬಂದರು. ಮಖಮಲ್ಲಿನ ಪೆಟ್ಟಿಗೆ ತೆರೆದು ತಮ್ಮ ಕಂಪಾಸನ್ನು ಹರಿವಾಣದ ಪಕ್ಕ, ಅತ್ತೆಯ ಮಗ್ಗುಲಿಗೇ ಇಟ್ಟರು. ಅದರ ಮುಳ್ಳೂ ಗರ್ರನೆ ತಿರುಗಿ ಅತ್ತೆಗೆ ನಮಸ್ಕಾರ ಹಾಕಿತು. ಅವರ ಹಣೆಯಲ್ಲಿ ಬೆವರು ಮೂಡಿತು, ಆದರೆ ಕಸುಬುದಾರ ಮನುಷ್ಯ, ಅರೆಕ್ಷಣವೂ ತಡಮಾಡಲಿಲ್ಲ.

"ಆಗ ನೀರು ಕುಲುಕ್ತಾ ಇತ್ತು ಯಜಮಾನ್ರೇ. ಈಗ ನಿಂತಿದೆ. ನಿಂತ ನೀರೇ ಪ್ರಮಾಣ. ಹಿಂದಿನ ಸಲ ನಾನು ಬಂದಾಗ ಅಮಾವಾಸ್ಯೆ ಹತ್ರ ಇತ್ತು, ದೋಷ ಇರುತ್ತೆ."

"ಆದ್ರೆ ಸಾರ್, ಸೂರ್ಯ ಹುಟ್ಟೋದು ಈ ಕಡೆ ಅಲ್ವಾ?" ಎಂದು ನನ್ನ ಯಜಮಾನರು ಹುಟ್ಟಿದಾಗಿನಿಂದ ಮೊದಲ ಸಲ ಬಾಯಿ ಬಿಟ್ಟರು, ಅದೂ ಈ ಹೊತ್ತಿನಲ್ಲಿ! ನಾನು ಅವರನ್ನು ನುಂಗುವಂತೆ ನೋಡಿದೆ.

"ಸೂರ್ಯ ದಿನಾ ಓಡಾಡೋನು ಕಣಪ್ಪಾ. ಅವನನ್ನು ನಂಬ್ಕೊಂಡು ಮನೆ ಕಟ್ಟಕ್ಕಾಗುತ್ತಾ?" ಎಂದರು ವಾಸ್ತುವಿನವರು. ಎಲ್ಲರೂ ಹೌದು ಹೌದೆಂದು ತಲೆಯಾಡಿಸಿದರು.

ಮಾವ ನನ್ನ ಕಡೆ ತಿರುಗಿ, "ಏನಮ್ಮ, ನಿನ್ ಸೈನ್ಸು ಏನಂತದೆ?" ಎಂದು ಕೇಳಿದರು. ನನ್ನ ಕಣ್ಣು ಬೀಗದ ಕೈ ಗೊಂಚಲಿನ ಮೇಲಿತ್ತು. ಪಾಪ, ಅತ್ತೆಗೆ ಇದೊಂದೂ ಗೊತ್ತಿಲ್ಲ, ದೇವರೇ ಮಂಡಿನೋವಿನ ರೂಪದಲ್ಲಿ ಬಂದಿದ್ದಾನೆ ಎಂದುಕೊಂಡೆ. "ದಬ್ಬಳ ಸುಳ್ಳು ಹೇಳಲ್ಲ ಮಾವ" ಎಂದೆ. ಹೇಳಿದ್ದು ನಿಜವೇ ತಾನೆ? ಕಬ್ಬಿಣ ಎಲ್ಲಿದೆ ಎಂಬುದನ್ನು ಅದು ಪ್ರಾಮಾಣಿಕವಾಗಿಯೇ ತೋರಿಸುತ್ತಿತ್ತು.

"ಉತ್ತರ ಅಂದ್ರೆ ಕುಬೇರನ ದಿಕ್ಕು" ಎಂದು ವಾಸ್ತುವಿನವರು ಕಣ್ಣು ಮುಚ್ಚಿದರು. "ಅಡುಗೆಮನೆ ಒಂದು ಇಟ್ಟಿಗೆ ಅಲ್ಲಾಡಿಸ್ಬೇಡಿ. ಆದ್ರೆ ವ್ಯಾಪಾರ ಯಾಕೆ ಬಿತ್ತು? ನಿಮ್ಮ ಮಂಚ ಎಲ್ಲಿದೆ, ತಲೆ ಯಾವ ಕಡೆ?"

ಹೊಸ ಲೆಕ್ಕದಲ್ಲಿ ಮಾವ ಇಷ್ಟು ವರ್ಷ ಉತ್ತರಕ್ಕೆ ತಲೆ ಹಾಕಿ ಮಲಗಿದ್ದರು. ಮಾವನ ಬಾಯಿಂದ ಎಲೆಯಡಿಕೆಯೇ ಜಾರಿತು. ಹೆಣವನ್ನಲ್ಲದೆ ಯಾರನ್ನೂ ಹಾಗೆ ಮಲಗಿಸುವುದಿಲ್ಲ ನಮ್ಮಲ್ಲಿ. ಯಜಮಾನರ ಮಂಚಕ್ಕೆ ಪ್ರಶಸ್ತವಾದ ಮೂಲೆ ಎಂದು ವಾಸ್ತುವಿನವರು ಹುಡುಕಿ ಕೊಟ್ಟದ್ದು ಗೋದಾಮಿನ ಪಕ್ಕದ ಆ ಕತ್ತಲೆ ಕೋಣೆಯನ್ನೇ. ಅವತ್ತೇ ಮಂಚ ಹೋಯಿತು. ಮಾವ ಅಲ್ಲಿ ಸೊಳ್ಳೆ ಹೊಡೆಯುತ್ತ, ಕಮಟು ವಾಸನೆ ಕುಡಿಯುತ್ತ, ಬಹಳ ಶ್ರದ್ಧೆಯಿಂದ ಮಲಗಿದರು. ಕೇಳಿದವರಿಗೆಲ್ಲ ನಿದ್ದೆ ಚೆನ್ನಾಗಿ ಬರುತ್ತಿದೆ ಎಂದೇ ಹೇಳುತ್ತಿದ್ದರು.

ಮಾರನೆಯ ಬೆಳಗ್ಗೆ ಅಡುಗೆಮನೆಗೆ ಹೋದೆ. ಅತ್ತೆ ಕಿಟಕಿಯ ಹತ್ತಿರ ಅವರೆಕಾಯಿ ಸುಲಿಯುತ್ತಿದ್ದರು. ನನಗೆ ಹೊಟ್ಟೆಯಲ್ಲಿ ಮಾತು ನಿಲ್ಲುತ್ತಿರಲಿಲ್ಲ. ಪಕ್ಕದಲ್ಲಿ ಕೂತು, ಪಾಠದ ಧ್ವನಿ ತೆಗೆದು, "ಅತ್ತೆ, ನಿಮಗೊಂದು ವಿಷಯ ಹೇಳ್ಬೇಕು. ಆ ದಬ್ಬಳ ತಿರುಗಿದ್ದು ಕುಬೇರನಿಂದಲ್ಲ. ಕಬ್ಬಿಣ ಹತ್ರ ಬಂದ್ರೆ ಅಯಸ್ಕಾಂತ..." ಎಂದು ಶುರುಮಾಡಿದೆ.

"ಮೊನ್ನೆ ಹಿತ್ಲಲ್ಲಿ ನೋಡ್ದೆ ಬಿಡವ್ವ" ಎಂದರು ಅತ್ತೆ, ಕೈಯ ಕೆಲಸ ನಿಲ್ಲಿಸದೆ. "ನಾನು ಆ ಕಡೆ ಹೋದ್ರೆ ಆ ಕಡೆ, ಈ ಕಡೆ ಬಂದ್ರೆ ಈ ಕಡೆ, ಬೀಗದ್ ಕೈ ಹಿಂದೇನೇ ಬತ್ತಿತ್ತು. ನೀನು ಲೆಕ್ಕ ಹಾಕ್ತಾ ಬಾಯಲ್ಲಿ ಪಿಟಿಪಿಟಿ ಅಂತಿದ್ದೆ. ಎಲ್ಲಿ ಕೂತ್ರೆ ಅಡ್ಗೆಮನೆ ಉಳೀತದೆ ಅಂತ ಬಾಗ್ಲ ಸಂದೀಲಿ ನಿಂತು ಕೇಳುಸ್ಕೊಂಡೆ."

ನನಗೆ ನಗು ಬಂತು. ನಗುತ್ತಲೇ, "ಹಂಗಾದ್ರೆ ಮಂಡಿನೋವು?" ಎಂದೆ. ಅತ್ತೆ ನಗಲಿಲ್ಲ. ಸುಲಿದ ಸಿಪ್ಪೆಯನ್ನು ಮಡಿಲಿನಿಂದ ಕೊಡವಿ, ಬೀದಿಯ ಕಡೆಗೆ ನೋಡಿದರು. ಬಸ್ಸು ಇನ್ನೂ ಬಂದಿರಲಿಲ್ಲ.

"ಮದುವೆಯಾಗಿ ಬಂದಾಗ್ನಿಂದ ಈ ಮನೇಲಿ ಎಲ್ರನ್ನೂ ಕೇಳವ್ರೆ. ಶಾಸ್ತ್ರದೋರ್ನ ಕೇಳಿದ್ರು, ಕಂಪಾಸ್ ಕೇಳಿದ್ರು, ಕೊನೆಗೆ ಚೀಲ ಹೊಲಿಯೋ ದಬ್ಬಳಾನೂ ಕೇಳಿದ್ರು. ನಿಂಗೆ ಎಲ್ಲಿ ಬೇಕೇ ಅಂತ ನನ್ನ ಒಬ್ರೂ ಕೇಳ್ನಿಲ್ಲ ಕಣವ್ವ. ಕೇಳಿದ್ರೆ ಬಾಯಲ್ಲೇ ಹೇಳ್ತಿದ್ದೆ."